ಜೋನಿಬೆಲ್ಲದಲ್ಲಿ ಕಂಡ ಮೂರು ನಕ್ಷತ್ರ

ಮೈಮೇಲೆ ದೇವರು ಬಂದದ್ದು, ಕನಸು ನಿಜವಾದದ್ದು, ಇಂಥ ಕತೆಗಳನ್ನು ನಾನು ನಗುತ್ತಲೇ ಕೇಳಿದವನು. ಲೆಕ್ಕ ತಪ್ಪಿದ್ದರೆ ಎಲ್ಲೋ ನಮ್ಮ ಕೈಯೇ ತಪ್ಪಿರುತ್ತದೆ ಎಂಬುದು ನನ್ನ ನಂಬಿಕೆ. ಈಗಲೂ ಹಾಗೇ ಹೇಳುತ್ತೇನೆ, ಒಂದು ಸಂಜೆಯನ್ನು ಬಿಟ್ಟು.

ಅರವತ್ತರ ದಶಕದ ನಡುವಿನ ಮಾತು. ಸರಕು ಹಡಗಿನಲ್ಲಿ ತರಬೇತಿ ಮುಗಿಸಿದ್ದ ನಾನು ಅಧಿಕಾರಿಯ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ನಕ್ಷತ್ರ ನೋಡಿ ಹಡಗು ಇರುವ ಜಾಗ ಕಂಡುಹಿಡಿಯುವ ಲೆಕ್ಕವೇ ಕೈಕೊಟ್ಟಿತ್ತು. ಇನ್ನೊಮ್ಮೆ ತಪ್ಪಿದರೆ ಸಮುದ್ರದ ಆಸೆಯನ್ನೇ ಬಿಡಬೇಕು. ಓದಿಕೊಳ್ಳಲು ಹೊಸನಗರದ ಹತ್ತಿರದ ನಿಟ್ಟೂರಿನ ಅತ್ತೆಯ ಮನೆಗೆ ಬಂದಿದ್ದೆ. ಆಗಲೇ ಹಡಗಿನ ಅಧಿಕಾರಿಯಾಗಿದ್ದ ಗೆಳೆಯ ವಾಮನ, ನಕ್ಷತ್ರದ ಎತ್ತರ ಅಳೆಯುವ ತನ್ನ ಹಳೆಯ ಸೆಕ್ಸ್‌ಟೆಂಟ್ ಕೊಟ್ಟಿದ್ದ.

ಅಳೆಯಲು ಆಕಾಶ ಮುಟ್ಟುವ ಕಡಲಂಚು ಬೇಕು. ಗುಡ್ಡಗಳ ಊರಿನಲ್ಲಿ ಅದೆಲ್ಲಿ? ತಟ್ಟೆಗೆ ತಿಳಿ ಜೋನಿಬೆಲ್ಲ ಸುರಿದು, ಅದರಲ್ಲಿ ಮೂಡಿದ ಬಿಂಬಕ್ಕೂ ಮೇಲಿನ ನಕ್ಷತ್ರಕ್ಕೂ ನಡುವಿನ ಕೋನ ಅಳೆದು ಅರ್ಧ ಮಾಡುತ್ತಿದ್ದೆ. ನೀರಾದರೆ ಗಾಳಿಗೆ ಅಲುಗುತ್ತದೆ, ಜೇನಿನಂತೆ ಮಂದವಾದ ಈ ಬೆಲ್ಲ ಅಲುಗುವುದಿಲ್ಲ. ಇರುವೆಗಳ ಕಾಟ ಮಾತ್ರ ಹೇಳತೀರದು. ದೋಸೆಗಿಟ್ಟ ಬೆಲ್ಲ ಹೀಗೆ ಹಾಳಾಗುತ್ತಿದೆಯೆಂದು ಅತ್ತೆ ದಿನಾ ಗೊಣಗುತ್ತಿದ್ದರು.

ಒಂದು ನಕ್ಷತ್ರ ಅಳೆದರೆ ನಕ್ಷೆಯ ಮೇಲೆ ಒಂದು ಗೆರೆ ಸಿಗುತ್ತದೆ. ಮೂರು ಗೆರೆ ಕೂಡಿದಲ್ಲಿ ನೀವಿದ್ದೀರಿ. ಅವು ಸರಿಯಾಗಿ ಕೂಡುವುದು ಅಪರೂಪ, ನಡುವೆ ಸಣ್ಣ ತ್ರಿಕೋನ ಉಳಿದೇ ಉಳಿಯುತ್ತದೆ. ಶಿವರಾತ್ರಿಯ ಆಸುಪಾಸಿನ ಆ ಮುಸ್ಸಂಜೆ ಲುಬ್ಧಕ, ಅಗಸ್ತ್ಯ, ಬ್ರಹ್ಮಹೃದಯ ಮೂರನ್ನೂ ಅಳೆದೆ. ಗೆರೆಗಳು ಸೂಜಿಮೊನೆಯಷ್ಟು ಜಾಗದಲ್ಲಿ ಕೂಡಿದವು. ಆದರೆ ಕೂಡಿದ್ದು ನಿಟ್ಟೂರಿನಲ್ಲಲ್ಲ, ನೇರ ಪಶ್ಚಿಮಕ್ಕೆ ಎಂಬತ್ತು ಮೈಲಿ ಆಚೆ, ಅರಬ್ಬಿ ಸಮುದ್ರದಲ್ಲಿ.

ನಕ್ಷತ್ರಗಳು ಕ್ಷಣಕ್ಷಣಕ್ಕೂ ಪಶ್ಚಿಮಕ್ಕೆ ಸರಿಯುವುದರಿಂದ ಈ ಲೆಕ್ಕಕ್ಕೆ ಅಳೆದ ಹೊತ್ತು ಕರಾರುವಾಕ್ಕಾಗಿರಬೇಕು; ಗಡಿಯಾರ ಐದು ನಿಮಿಷ ಮುಂದಿದ್ದರೆ ಹೀಗಾಗುತ್ತದೆ. ಅಂಗಡಿಗೆ ಓಡಿ ರೇಡಿಯೋದ ಸಮಯಕ್ಕೆ ಹಿಡಿದು ನೋಡಿದೆ. ಒಂದು ಸೆಕೆಂಡೂ ಹೆಚ್ಚುಕಡಿಮೆ ಇರಲಿಲ್ಲ. ಲೆಕ್ಕವನ್ನು ಮೂರು ಸಲ ಮೊದಲಿನಿಂದ ಮಾಡಿದೆ, ಅದೇ ಚುಕ್ಕೆ. ನಾಚಿಕೆಯಾಗಿ, ಪರೀಕ್ಷೆಗೇ ಹೋಗುವುದಿಲ್ಲ ಎಂದುಬಿಟ್ಟೆ.

“ನಿಂತ ಜಾಗನೇ ಗೊತ್ತಾಗ್ದವ್ನು ಹಡಗು ಎಂತ ನಡೆಸ್ತೀಯೋ ಮಾರಾಯ,” ಎಂದರು ಅತ್ತೆ. ತಮಾಷೆಗೆ ಅಂದದ್ದೇ, ಆದರೂ ಚುಚ್ಚಿತು.

ಹದಿನೈದು ದಿನಕ್ಕೆ ವಾಮನನ ಕಾಗದ ಬಂತು. ಅದೇ ಸಂಜೆ ಭಟ್ಕಳದಾಚೆ ಸಾಗುತ್ತಿದ್ದ ಹಡಗಿನಲ್ಲಿ ಅವನೂ ಮೂರು ನಕ್ಷತ್ರ ಅಳೆದಿದ್ದನಂತೆ. “ಗೆರೆ ಮೂರೂ ಚಂದ ಕೂಡಿದ್ವು. ಆದ್ರೆ ಲೆಕ್ಕದಲ್ಲಿ ಹಡಗು ಹೊಸನಗರದ ಹತ್ರ ಗುಡ್ಡ ಹತ್ತಿ ಕೂತಿತ್ತು. ಕ್ಯಾಪ್ಟನ್ ಬೈದ್ರು. ಗಡಿಯಾರ ಸರಿಯೇ ಇತ್ತು. ನಿನ್ನ ಅತ್ತೆ ಮನೆ ಅಲ್ಲೇ ಅಲ್ವಾ?” ಎಂದು ಬರೆದಿದ್ದ. ಹಡಗು ನಿಜವಾಗಿ ಎಲ್ಲಿತ್ತು ಎಂಬುದನ್ನೂ ಕೊಟ್ಟಿದ್ದ. ನಕ್ಷೆ ಬಿಡಿಸಿ ನೋಡಿದೆ. ನನ್ನ ಚುಕ್ಕೆ ಅಲ್ಲೇ ಇತ್ತು.

ತಪ್ಪು ನನ್ನೊಬ್ಬನದಲ್ಲ ಎಂಬ ಧೈರ್ಯ ಬಂದು ಪರೀಕ್ಷೆಗೆ ಹೋದೆ. ಗೆರೆಗಳು ಒಂದೇ ಕಡೆ ಕೂಡಿಯೂ ಜಾಗ ಪಶ್ಚಿಮಕ್ಕೆ ಸರಿದಿದ್ದರೆ ಕಾರಣವೇನು ಎಂದು ಪರೀಕ್ಷಕರು ಕೇಳಿದರು. ಗಡಿಯಾರ ಎಂದೆ. ಸರಿಯಾದ ಉತ್ತರ ಅದೇ ಎಂದು ಪಾಸು ಮಾಡಿದರು. ಅಲ್ಲಿ ನಾನು ಹೇಳಿದ್ದು ನಿಜವೋ ಸುಳ್ಳೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.