ಚೊಗರಿನ ಕೈ, ಬಹುಮಾನದ ಲೋಟ

ದೇವರಿಗೆ ಹಾಲು ಇಡುವ ಸ್ಟೀಲ್ ಲೋಟವನ್ನು ಇವತ್ತು ಬೆಳಿಗ್ಗೆ ತೊಳೆಯುವಾಗ ಅದರ ಮೇಲಿನ ‘ಪ್ರಥಮ’ ಎಂಬ ಅಕ್ಷರಕ್ಕೆ ಬೆರಳು ತಾಗಿತು. ಚಿಕ್ಕವಳಿದ್ದಾಗ, ಅಡಿಕೆ ಸೀಮೆಯ ಬಿಳಗಿಯ ಹತ್ತಿರದ ನಮ್ಮ ಶಾಲೆಯಲ್ಲಿ ಶ್ಲೋಕ ಹೇಳಿ ನಾನು ಗೆದ್ದ ಲೋಟ ಅದು.

ಆ ದಿನ ಮನೆಯಲ್ಲಿ ಅಡಿಕೆ ಬೇಯಿಸುವ ಕೆಲಸವಿತ್ತು. ಶಾಲೆಗೆ ಮನೆಯವರು ಯಾರೂ ಬರಲಿಲ್ಲ. ಬೇರೆ ಮಕ್ಕಳ ಅಪ್ಪ ಅಮ್ಮ ಬಂದು ಚಪ್ಪಾಳೆ ತಟ್ಟಿದ್ದರು. ಮನೆಗೆ ಬಂದವಳೇ ಹಂಡೆಯ ಹತ್ತಿರ ನಿಂತಿದ್ದ ಅಪ್ಪಯ್ಯನಿಗೆ, “ನೀನೂ ಬರ್ಲೆ, ಆಯಿನೂ ಬರ್ಲೆ” ಎಂದೆ.

“ಒಲೆ ಬಿಟ್ಟು ಬಪ್ಲೆ ಆಜಿಲ್ಲೆ ತಂಗಿ. ಈಗ ಇಲ್ಲೇ ಹೇಳು, ಎಲ್ಲರೂ ಕೇಳ್ತ.”

ಅಡಿಕೆ ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಹಂಡೆಯ ಹಬೆಯ ಪಕ್ಕದಲ್ಲಿ ನಿಂತು ಶ್ಲೋಕ ಪೂರ್ತಿ ಹೇಳಿದೆ. ಆಯಿ, ಅಂದರೆ ನನ್ನ ಅಮ್ಮ, ಬಾಗಿಲಲ್ಲಿ ಕಣ್ಣೊರೆಸಿಕೊಂಡು, “ಹೊಗೆ ಜಾಸ್ತಿ ಆತು” ಎಂದಳು.

ಲೋಟ ಕೊಡಲು ಹೋದರೆ ಅಪ್ಪಯ್ಯ ಕೈ ಹಿಂದಕ್ಕೆಳೆದುಕೊಂಡ. ಅಡಿಕೆಯ ಚೊಗರು ಮೆತ್ತಿ ಬೆರಳೆಲ್ಲ ಕಪ್ಪಾಗಿತ್ತು. “ದೇವರ ಮುಂದೆ ಇಡದು ಅದು. ನೀನೇ ಎನ್ನ ಕಣ್ಣಿಗೆ ಒತ್ತು” ಎಂದು, ಪ್ರಸಾದಕ್ಕೆ ಬಗ್ಗುವ ಹಾಗೆ ನನ್ನೆದುರು ತಲೆ ಬಗ್ಗಿಸಿದ. ದೇವರಿಗಲ್ಲದೆ ಯಾರಿಗೂ ಬಗ್ಗದ ತಲೆ ಅದು.

ಇವತ್ತು ಸಂಜೆ ದೋಸೆಗೆ ಅರೆಯುತ್ತಿದ್ದಾಗ ಮೊಮ್ಮಗಳು ಓಟದಲ್ಲಿ ಗೆದ್ದ ಪದಕ ಹಿಡಿದು ಓಡಿ ಬಂದಳು. ಮಗ, ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ.

“ಕೈಯೆಲ್ಲ ಹಿಟ್ಟು ಕೂಸೆ” ಎಂದು, ಕಣ್ಣಿಗೆ ಒತ್ತಲಿ ಅಂತ ನಾನು ತಲೆ ಬಗ್ಗಿಸಿದೆ. ಅವಳು ಪದಕವನ್ನು ನನ್ನ ಕೊರಳಿಗೇ ಹಾಕಿಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅದನ್ನು ದೇವರ ಮುಂದೆ ಇಡಬೇಕು. ಅಲ್ಲಿಯವರೆಗೆ ಇಲ್ಲೇ ಇರಲಿ.