ನಲವತ್ತೊಂದನೇ ನಂಬರಿನ ಮನೆ

೧೯೭೮ರ ಬೇಸಿಗೆ. ಬಿ.ಎ. ಮುಗಿಸಿ ಆದೋನಿಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ನನಗೆ ಪ್ರೊಫೆಸರೊಬ್ಬರು ಸರ್ವೆ ಕೆಲಸ ಕೊಟ್ಟರು. ಹೊಳಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಯಾರಿಗೆ ಯಾರೊಂದಿಗೆ ಬಳಕೆಯಿದೆ ಎಂದು ನಕ್ಷೆ ಬರೆಯಬೇಕಿತ್ತು. ನೇರವಾಗಿ ಕೇಳಿದರೆ ಎಲ್ಲರೂ "ಊರೆಲ್ಲ ನಮ್ಮವರೇ" ಅನ್ನುತ್ತಿದ್ದರು. ಅದಕ್ಕೆ ನಾನೇ ಒಂದು ಪ್ರಶ್ನೆ ಹುಡುಕಿದೆ: "ಹಾಲಿಗೆ ಹೆಪ್ಪು ಇಲ್ಲಂದ್ರ ಯಾರ ಮನಿಗೆ ಹೋಗ್ತೀರಿ?" ಮನೆಗೊಂದು ಚುಕ್ಕೆ, ಹೆಪ್ಪು ಹೋದ ದಾರಿಗೊಂದು ಗೆರೆ. ಹೆಸರು ಬರೆಯುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದೆ. ಮಲೇರಿಯಾ ಔಷಧಿ ಹೊಡೆಯಲು ಬಂದವರು ಬಾಗಿಲಿಗೆ ಬರೆದಿದ್ದ ನಂಬರನ್ನಷ್ಟೇ ಹಾಕಿಕೊಂಡೆ. ಎಂಥ ಬುದ್ಧಿವಂತ ನಾನು!

ಯಾವುದೋ ಜಗಳದಿಂದ ಮೇಲಿನ ಓಣಿಗೂ ಕೆಳಗಿನ ಓಣಿಗೂ ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಮೇಲಿನ ಓಣಿಯ ಹನುಮಕ್ಕ ಅದಕ್ಕೂ ಮುಂಚೆಯೇ ತನ್ನ ಒಬ್ಬಳೇ ಮಗಳನ್ನು ಕೆಳಗಿನ ಓಣಿಗೆ ಕೊಟ್ಟಿದ್ದಳು. ಮಗಳು ಚೊಚ್ಚಲ ಬಸುರಿ. ತವರಿಗೆ ಕರೆತರುವಂತಿಲ್ಲ.

"ನಸಿಕಿನ್ಯಾಗ ಹಿತ್ತಲದಿಂದ ಹೋಗಿ ಹೆಪ್ಪು ಕೊಟ್ಟು ಮಗಳ ಮುಖ ನೋಡಿ ಬರ್ತೀನಿ. ಆಕಿ ಅತ್ತಿ ಕಂಡೂ ಕಾಣದಂಗ ಇರ್ತಾಳ. ಹೆಸರು ಬರಿಯಂಗಿಲ್ಲ ಅಲ್ರಿ, ಆಚಾರ್ರೆ?" ಎಂದು ಕೇಳಿದಳು.

"ಬರಿಯಂಗಿಲ್ಲವ್ವ," ಅಂದೆ.

ಹಾಳೆ ತುಂಬಿದಾಗ ಚುಕ್ಕೆಗಳು ಎರಡು ಗುಂಪಾಗಿ ನಿಂತವು. ನಡುವೆ ಒಂದೇ ಗೆರೆ. ಯಾವ ಗೆರೆ ಅಳಿಸಿದರೆ ಊರು ಒಡೆಯುತ್ತದೋ ಅದನ್ನು ಹಿಡಿ, ಗುಂಪುಗಳು ತಾವೇ ಕಾಣುತ್ತವೆ ಎಂದು ಪ್ರೊಫೆಸರು ಹೇಳಿಕೊಟ್ಟಿದ್ದರು. ಅದು ಸಿಕ್ಕಿತ್ತು. ನನಗೆ ಹಿಡಿಸಲಾರದ ಖುಷಿ.

ಹೊರಡುವ ದಿನ ಚಾವಡಿಯಲ್ಲಿ ಮೇಲಿನ ಓಣಿಯ ಹಿರಿಯರು, "ಊರೆಲ್ಲ ತಿರುಗಿ ಏನು ಬರಕೊಂಡ್ರಿ? ಜರಾ ತೋರಿಸ್ರಿ," ಅಂದರು. ಹಾಳೆ ಬಿಚ್ಚಿದೆ. ಯಾರೂ ಕೇಳದಿದ್ದರೂ ಆ ಗೆರೆಯ ಮೇಲೆ ಬೆರಳಿಟ್ಟು, "ಇದೊಂದು ಇಲ್ಲಂದ್ರ ನಿಮ್ಮೂರು ಎರಡೂರು," ಅಂದೆ.

ಒಬ್ಬರು ಬಗ್ಗಿ ಓದಿದರು. "ನಲವತ್ತೊಂದು... ಇದು ನಮ್ಮ ಹನುಮಕ್ಕನ ಬಾಗಿಲ ನಂಬರ ಅಲ್ಲೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಎದ್ದು ಹೋದರು.

ಎರಡು ತಿಂಗಳ ಮೇಲೆ ಮತ್ತೆ ಹೋದೆ. ಹನುಮಕ್ಕನ ಹಿತ್ತಲ ದಾರಿಗೆ ಮುಳ್ಳು ಹಚ್ಚಿದ್ದರು. ಮಗಳ ಮನೆಗೆ ಹೋದರೆ ಓಣಿಯಿಂದ ಹೊರಗೆ ಎಂದು ಕಟ್ಟು ಮಾಡಿದ್ದರು. ಕೆಳಗಿನ ಓಣಿಯವರೂ ಆಕೆಯ ಬೀಗರಿಗೆ ಹಾಗೇ ಹೇಳಿದ್ದರು. ಹನುಮಕ್ಕನ ಕಾಲು ಹಿಡಿಯಲು ಬಗ್ಗಿದೆ. ಆಕೆ ಹಿಂದೆ ಸರಿದಳು.

"ನೀವು ಹೆಸರು ಬರೀಲಿಲ್ಲರಿ, ಖರೇ ಐತಿ. ಮಗಳು ಹಡದಾಳಂತ. ಕೂಸು ಅಳೋದು ಇಲ್ಲಿಗೆ ಕೇಳತೈತಿ. ಗಂಡೋ ಹೆಣ್ಣೋ, ಯಾರೂ ಹೇಳವಲ್ರು."

ಎರಡೂ ಓಣಿಯ ಹಿರಿಯರನ್ನು ಬೇಡಿಕೊಂಡೆ. ಪರ ಊರಿನವರು ನಡುವೆ ಬರಬೇಡಿ ಅಂದರು. ಪ್ರೊಫೆಸರು ಮಾತ್ರ ನಕ್ಷೆಯನ್ನು ಬಹಳ ಮೆಚ್ಚಿದರು.

ತಿಳಿಯದೆ ಆಯಿತು ಬಿಡು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಜಾಣತನ ತೋರಿಸಿಕೊಳ್ಳಲು ಬೆರಳಿಟ್ಟವನು ನಾನು, ನನಗೆ ಗೊತ್ತು. ಹನುಮಕ್ಕ ಮೊಮ್ಮಗುವಿನ ಮುಖ ನೋಡಿದಳೋ ಇಲ್ಲವೋ, ಇವತ್ತಿಗೂ ತಿಳಿಯದು. ಹೋಗಿ ಕೇಳಲು ನನಗೆ ಮುಖವಿಲ್ಲ.