ಎದುರಿನವಳ ದೂರು

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳನ್ನೆಲ್ಲ ಅವರು ತಮ್ಮ ಪಡಸಾಲೆಯಲ್ಲಿ ಕೂಡಿಸುತ್ತಿದ್ದರು. ಮಗ್ಗಿ, ಹಾಡು, ಕಸೂತಿ, ಆಮೇಲೆ ಎಲ್ಲರಿಗೂ ಒಂದೇ ಬುಟ್ಟಿಯಲ್ಲಿ ಚುರಮರಿ. ಜಗಳವಾದರೆ ಮಾತ್ರ ಅವರದೊಂದು ಕಟ್ಟಳೆ: ನಿನ್ನ ದೂರು ನೀನು ಹೇಳುವಂತಿಲ್ಲ. ಎದುರಿನವರ ದೂರನ್ನು, ಅವರೇ ಮಾತಾಡಿದ ಹಾಗೆ, ನೀನು ಹೇಳಬೇಕು. ಎದುರಿನವರು ಹೌದೆಂದರೆ ಜಗಳ ಮುಗಿಯಿತು.

ಮೂಗಿನ ತುದಿಯಲ್ಲೇ ಸಿಟ್ಟಿದ್ದ ನನಗೆ ಈ ಕಟ್ಟಳೆ ಸುತರಾಂ ಹಿಡಿಸುತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಗಾದಿ ಹೊಲಿಯುವವರ ಮಗಳು. ಒಂದು ದಿನ ಅಕ್ಕೋರು ಅವಳ ಕಸೂತಿಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ನನಗೆ ಹೊಟ್ಟೆ ಉರಿದುಹೋಯಿತು. ಅವಳು ನೀರು ಕುಡಿಯಲು ಎದ್ದಾಗ ಆ ಕಸೂತಿಯ ಕರವಸ್ತ್ರದ ಮೇಲೆ ಶಾಯಿ ಸುರಿದೆ. ಕೈ ತಾಗಿ ಚೆಲ್ಲಿತು ಎಂದೆ.

"ಹಂಗಾದ್ರ ಆಕಿ ದೂರು ನೀನ ಹೇಳು," ಎಂದರು ಅಕ್ಕೋರು.

ಎದ್ದು ನಿಂತೆ. ಹೇಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಹಾಗೇ ಮತ್ತೆ ಕೂತುಬಿಟ್ಟೆ.

"ಇರ್ಲಿ, ನಾಳಿ ಹೇಳು. ಅಲ್ಲೀತನಕ ಆಕಿ ಕಾಯ್ತಾಳ."

ಮೂರು ದಿನ ಕಾದಳು. ಚುರಮರಿ ಬುಟ್ಟಿಯನ್ನು ನನ್ನತ್ತ ಸರಿಸುವುದನ್ನೂ ಬಿಡಲಿಲ್ಲ. ನಾಲ್ಕನೆಯ ದಿನದಿಂದ ಅವಳ ಜಾಗ ಖಾಲಿ. ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಹಸುಗೂಸನ್ನು ನೋಡಿಕೊಳ್ಳಲು ಅವಳನ್ನು ಶಾಲೆ ಬಿಡಿಸಿ ಟಿಕೋಟಾದ ಅಜ್ಜಿಯ ಮನೆಗೆ ಕಳಿಸಿದ್ದರು.

ಅದು ತಿಳಿದ ದಿನ ಯಾರೂ ಕೇಳದಿದ್ದರೂ ಎದ್ದು ಅವಳ ದೂರನ್ನೆಲ್ಲ ಹೇಳಿದೆ. ಅಕ್ಕೋರು ಬಯ್ಯಲಿಲ್ಲ.

"ಕೇಳಾಕಿ ಇಲ್ಲಲ್ಲ ತಂಗಿ," ಎಂದರು.

ಏಳೆಂಟು ವರ್ಷದ ಮೇಲೆ ಕಳ್ಳಕವಟಗಿ ಊರಲ್ಲೊಂದು ಮದುವೆ ಮುಗಿಸಿ ಬರುವಾಗ, ಟಿಕೋಟಾದಲ್ಲಿ ಬಸ್ಸು ನಿಂತಿತು. ಕಿಟಕಿಯ ಕೆಳಗೆ ಅವಳು. ಅವಳ ಸೆರಗು ಹಿಡಿದು ನಿಂತಿದ್ದ ಹುಡುಗ ಅವಳ ತಮ್ಮ, ಅಂದಿನ ಹಸುಗೂಸು.

"ಆ ಶಾಯಿ..." ಎಂದೆ.

"ತಡಿ, ನಿನ್ನ ದೂರು ನಾ ಹೇಳ್ತೀನಿ," ಎಂದು ನಕ್ಕಳು. "ಅಕ್ಕೋರು ಬರೇ ಆಕೀದ ಎತ್ತಿ ತೋರ್ಸಿದ್ರು, ನಂದು ನೋಡ್ಲಿಲ್ಲ. ನನಗ ಭಾಳ ಕೆಟ್ಟ ಅನಿಸ್ತು. ಇಷ್ಟ ಹೌದಿಲ್ಲೊ?"

ಅಷ್ಟೇ ಆಗಿತ್ತು. ನಾನು ತಲೆಯಾಡಿಸಿದೆ.

"ಈಗ ನಂದು ಹೇಳು," ಎಂದು ಮುಖ ಎತ್ತಿ ಕಾದಳು.

ಶಾಯಿಯ ದೂರು ನನಗೆ ಬಾಯಿಪಾಠವಿತ್ತು. ಆದರೆ ಆ ಹುಡುಗನ ಮುಷ್ಟಿಯಲ್ಲಿದ್ದ ಸೆರಗನ್ನು ಕಂಡಾಗ, ಅವಳ ದೂರು ಈಗ ಅದಲ್ಲ ಎಂದು ಹೊಳೆಯಿತು. ಶಾಲೆ ಬಿಟ್ಟು ಆ ಕೂಸನ್ನು ಸಾಕಿದ ವರ್ಷಗಳ ದೂರು ಏನಿರಬಹುದೆಂದು ನನಗೆ ಗೊತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಅವಳು ಇನ್ನೂ ಕಾಯುತ್ತಲೇ ನಿಂತಿದ್ದಳು.